ಮೊಂಡು ಹಿಡಿದ ಮೂರು ಟ್ಯಾಪೆಟ್‌ಗಳು

"ಲೈಟು ಅಲ್ಲಾಡಿಸಬೇಡ ಕಣೇ," ಎಂದಳು ಅಮ್ಮ, ತಲೆ ಎತ್ತದೆ.

"ನಾನು ಅಲ್ಲಾಡಿಸ್ತಿಲ್ಲಮ್ಮ. ಟಾರ್ಚೇ ಅಲ್ಲಾಡ್ತಿದೆ."

"ಪಾಪ, ಟಾರ್ಚಿಗೆ ನಾಳಿದ್ದು ಟ್ರಿಪ್ ಇದೆಯಲ್ಲ, ಅದಕ್ಕೇ ಟೆನ್ಶನ್ನು," ಎಂದರು ಸ್ಟೂಲಿನ ಮೇಲೆ ಕೂತಿದ್ದ ಅಜ್ಜ.

ಗಡಿಬಿಡಿ ತುಟಿ ಕಚ್ಚಿಕೊಂಡಳು. ಅವಳಿಗೆ ಆ ಹೆಸರಿಟ್ಟವರು ಅಜ್ಜನೇ. ಅವಳು ಎಳೆದರೆ ಡ್ರಾಯರಿನ ಹಿಡಿ ಕೈಗೇ ಬರುತ್ತಿತ್ತು. ತಿರುಗಿಸಿದರೆ ನಲ್ಲಿ ಸೋರಲು ಶುರು. ಸ್ಕೂಲ್ ಬ್ಯಾಗಿನ ಝಿಪ್ಪಂತೂ ಒಂದೇ ವರ್ಷದಲ್ಲಿ ಮೂರು ಸಲ ಕಿತ್ತುಹೋಗಿತ್ತು. ಹಾಗಾಗಿ ಅಮ್ಮನ ಗ್ಯಾರೇಜಿನಲ್ಲಿ ಅವಳಿಗೆ ಇದ್ದದ್ದು ಒಂದೇ ಕೆಲಸ, ಟಾರ್ಚ್ ಹಿಡಿಯುವುದು.

ಗ್ಯಾರೇಜಿನ ಗುಂಡಿಯ ಮೇಲೆ ನಿಂತಿದ್ದುದು ಅವಳ ಶಾಲೆಯ ಹಳೇ ಬಸ್ಸು. ಅದರ ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದರೆ ಎಂಟು ಟ್ಯಾಪೆಟ್‌ಗಳು ಸಾಲಾಗಿ ಕಾಣುತ್ತಿದ್ದವು. ಟ್ಯಾಪೆಟ್ ಎಂದರೆ ಬೆರಳುದ್ದದ ಉಕ್ಕಿನ ಗೂಟ. ಅದು ತನ್ನ ತೂತಿನಲ್ಲಿ ಮೇಲೆ ಕೆಳಗೆ ಕುಣಿಯುತ್ತಿದ್ದರೇನೇ ಇಂಜಿನ್ನು ಉಸಿರಾಡುವುದು. ಈ ಎಂಟೂ ಸವೆದುಹೋಗಿದ್ದವು. ಬಸ್ಸು ಎರಡು ಬೀದಿ ಆಚೆ ಇರುವಾಗಲೇ ಟಕಟಕ ಸದ್ದು ಕೇಳಿ ಮಕ್ಕಳು ಶೂ ಹಾಕಿಕೊಳ್ಳುತ್ತಿದ್ದರು. ಹೋದ ವಾರ ಏರು ರಸ್ತೆಯಲ್ಲಿ ಅದು ನಿಂತೇಬಿಟ್ಟಿತ್ತು.

ಐದು ಟ್ಯಾಪೆಟ್‌ಗಳು ಮೇಲಕ್ಕೆ ಎಳೆದ ಕೂಡಲೇ ಬಂದವು. ಉಳಿದ ಮೂರು ಅರ್ಧ ಇಂಚು ಮೇಲೆ ಬಂದು ಗಕ್ಕನೆ ನಿಂತವು. ಆಮೇಲೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಹಳೇ ಆಯಿಲ್ಲು ಅಂಟಾಗಿ ಹಿಡ್ಕೊಂಡಿರ್ಬೇಕು," ಎಂದು ಅಮ್ಮ ಅವುಗಳ ಸುತ್ತ ಥಿನ್ನರ್ ಸುರಿದಳು. "ನಾನು ಊಟ ಮಾಡಿ ಬರ್ತೀನಿ, ಅಷ್ಟರಲ್ಲಿ ನೆನೀಲಿ. ಯಾರೂ ಕೈ ಹಾಕ್ಬೇಡಿ. ತೂತಿಗೆ ಗೀರು ಬಿದ್ರೆ ಇಂಜಿನ್ನೇ ಹೋಯ್ತು ಅನ್ಕೊಳ್ಳಿ."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದು ಅಜ್ಜ ಗಡಿಬಿಡಿಯ ಕಡೆಗೇ ನೋಡಿ ಹೇಳಿ ಊಟಕ್ಕೆ ಎದ್ದರು.

ಗಡಿಬಿಡಿಗೆ ಊಟ ಸೇರುವ ಹಾಗಿರಲಿಲ್ಲ. ಮೊನ್ನೆ ಕ್ಲಾಸಿನಲ್ಲಿ ಟೀಚರ್ ಬಂದು, "ಬಸ್ಸು ರೆಡಿ ಆಗದಿದ್ರೆ ಸೋಮವಾರದ ಟ್ರಿಪ್ ಕ್ಯಾನ್ಸಲ್," ಎಂದಿದ್ದರು. ಸಮುದ್ರ ನೋಡುವ ಟ್ರಿಪ್ಪು ಅದು. ಕ್ಲಾಸಿನಲ್ಲಿ ಅರ್ಧ ಜನ ಸಮುದ್ರವನ್ನೇ ನೋಡಿರಲಿಲ್ಲ. ಎಲ್ಲರ ಮುಖ ಬಾಡಿತು. ಆಗ ಎದ್ದು ನಿಂತವಳು ಇವಳೇ.

"ನಮ್ಮಮ್ಮ ಎರಡೇ ದಿನದಲ್ಲಿ ರೆಡಿ ಮಾಡ್ತಾಳೆ! ಬೆಟ್ ಕಟ್ತೀರಾ?"

"ಆಗದಿದ್ರೆ?" ಎಂದು ಕೇಳಿದ್ದ ಕ್ಲಾಸ್ ಲೀಡರ್.

"ಆಗದಿದ್ರೆ ವರ್ಷ ಪೂರ್ತಿ ನಿಮ್ಮೆಲ್ಲರ ಬ್ಯಾಗ್ ನಾನೇ ಹೊರ್ತೀನಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಲಾಸಿನಲ್ಲಿ ಇವಳನ್ನು ಬಿಟ್ಟು ಮೂವತ್ತೆರಡು ಮಂದಿ. ಮೂವತ್ತೆರಡು ಬ್ಯಾಗು! ಅದಕ್ಕಿಂತ ಹೆಚ್ಚಾಗಿ, ಸಮುದ್ರ ತಪ್ಪಿಹೋದ ಮೂವತ್ತೆರಡು ಮುಖಗಳನ್ನು ದಿನಾ ನೋಡಬೇಕಲ್ಲ!

ಅವಳು ಮೆಲ್ಲಗೆ ಕಟಿಂಗ್ ಪ್ಲೇಯರ್ ಎತ್ತಿಕೊಂಡಳು. ಒಂದೇ ಒಂದು ಸಲ, ಜೋರಾಗಿ ಎಳೆದರೆ ಬಂದೇ ಬರುತ್ತದೆ. ಪ್ಲೇಯರಿನ ಬಾಯಿ ಟ್ಯಾಪೆಟ್ಟನ್ನು ಕಚ್ಚಿತು.

"ಅಕ್ಕಾಽಽ!"

ಪ್ಲೇಯರ್ ಬಿಟ್ಟು ಓಡಿದಳು. ಅವಳ ತಮ್ಮ ಗುಂಡ ಗೇಟಿನ ಕಂಬಿಗಳ ನಡುವೆ ತಲೆ ತೂರಿಸಿ, ರಸ್ತೆಯ ಬೆಕ್ಕನ್ನು ಮಾತಾಡಿಸಲು ಹೋಗಿ ಸಿಕ್ಕಿಹಾಕಿಕೊಂಡಿದ್ದ. ಗಡಿಬಿಡಿ ಅವನ ಭುಜ ಹಿಡಿದು ಎಳೆದಳು.

"ಅಯ್ಯೋ ಕಿವಿ! ನನ್ ಕಿವಿ! ಬಿಡೇ ಅಕ್ಕಾ!"

ಬಾಯಿಯಲ್ಲಿ ತುತ್ತಿಟ್ಟುಕೊಂಡೇ ಅಜ್ಜ ಓಡಿಬಂದರು. "ಬಿಡೇ ಗಡಿಬಿಡಿ! ಕಿವಿ ಮಾತ್ರ ಕೈಗೆ ಬಂದೀತು. ಹೋಗುವಾಗ ಅಡ್ಡ ಬರದ ಕಿವಿ ವಾಪಸ್ ಬರುವಾಗ ಅಡ್ಡ ಬರ್ತಿದೆ, ಕಾಣಲ್ವಾ? ಹಾಗಿದ್ಮೇಲೆ ಇವನು ವಾಪಸ್ ಯಾಕೆ ಬರ್ಬೇಕು? ಲೋ ಗುಂಡ, ಅಳೋದು ಸಾಕು. ಓರೆಯಾಗಿ ತಿರುಗು. ಹೊಟ್ಟೆ ಒಳಗೆ ಎಳ್ಕೊ. ಹಾಂ, ಈಗ ಮುಂದಕ್ಕೆ ನುಗ್ಗು."

ಒಂದು ಭುಜ ಆಚೆ ಹೋಯಿತು. ಆಮೇಲೆ ಹೊಟ್ಟೆ, ಕೊನೆಗೆ ಕಾಲು. ಗುಂಡ ರಸ್ತೆಯಲ್ಲಿ ಎದ್ದು ನಿಂತು, ಎರಡೂ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ಗೇಟು ತೆರೆದುಕೊಂಡು ರಾಜನ ಹಾಗೆ ಒಳಗೆ ಬಂದ.

ಗಡಿಬಿಡಿ ಮಾತ್ರ ನಿಂತಲ್ಲೇ ನಿಂತಿದ್ದಳು. ಆ ಟ್ಯಾಪೆಟ್‌ಗಳೂ ಸ್ವಲ್ಪ ಮೇಲೆ ಬಂದು ನಿಂತಿದ್ದವಲ್ಲ. ಅವಕ್ಕೂ ಏನೋ ಅಡ್ಡ ಬರುತ್ತಿದ್ದರೆ?

ಅವಳು ಬಸ್ಸಿನ ಕೆಳಗಿನ ಗುಂಡಿಗೆ ಇಳಿದಳು. ಇಂಜಿನ್ನಿನ ತಳದಲ್ಲಿದ್ದ ಆಯಿಲ್ ತಟ್ಟೆಯನ್ನು ಅಮ್ಮ ಬೆಳಿಗ್ಗೆಯೇ ಬಿಚ್ಚಿಟ್ಟಿದ್ದಳು. ಗಡಿಬಿಡಿ ತನ್ನ ಸಣ್ಣ ಕೈಯನ್ನು ಒಳಗೆ ತೂರಿಸಿದಳು. ಈ ಸಲ ಎಳೆಯಲಿಲ್ಲ, ಮುಟ್ಟಿ ನೋಡಿದಳು ಅಷ್ಟೇ. ಟ್ಯಾಪೆಟ್ಟಿನ ಕೆಳತುದಿಯ ಸುತ್ತ ಬೆರಳು ಓಡಿಸಿದಳು.

"ಅಮ್ಮಾ! ಟ್ಯಾಪೆಟ್ಟಿಗೆ ಕಿವಿ ಇದೆ!"

ಅಮ್ಮ ಎಂಜಲು ಕೈ ತೊಳೆದು ಬಂದಳು. ಅವಳೂ ಗುಂಡಿಗೆ ಇಳಿದು ಕೈ ಹಾಕಿದಳು. ಆದರೆ ಅವಳ ಕೈ ಮಣಿಕಟ್ಟಿನಿಂದ ಮುಂದೆ ಹೋಗಲಿಲ್ಲ.

"ನೀನೇ ಇನ್ನೊಂದ್ಸಲ ನೋಡಿ ಹೇಳು. ನಿಧಾನ. ಹೇಗಿದೆ?"

"ಸುತ್ತ ಅಂಚು ಹೊರಗೆ ಚಾಚ್ಕೊಂಡಿದೆ. ಅಣಬೆ ಥರ."

"ಮೂರಕ್ಕೂ?"

"ಮೂರಕ್ಕೂ ಹಾಗೇ ಇದೆ."

ಅಮ್ಮ ಗುಂಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಬ್ಬಾ! ಏಟು ತಿಂದೂ ತಿಂದೂ ತಳ ಹರಡ್ಕೊಂಡಿದೆ. ಅಂಟು ಅಂಟು ಅಂತ ನಾನು ಬೆಳಿಗ್ಗೆಯಿಂದ ಎಳೀತಾನೇ ಇದ್ದೆ. ಇನ್ನೊಂದ್ಸಲ ಜೋರಾಗಿ ಎಳೆದಿದ್ರೆ ತೂತು ಸೀಳಿಹೋಗ್ತಿತ್ತು."

ಗಡಿಬಿಡಿ ಕೈಗೆ ಮೆತ್ತಿದ್ದ ಆಯಿಲ್ಲು ಒರೆಸಿಕೊಂಡಳು. "ಅಮ್ಮ... ನಾನೂ ಪ್ಲೇಯರ್ ಹಾಕಿದ್ದೆ. ಎಳೆಯೋ ಅಷ್ಟರಲ್ಲಿ ಗುಂಡ ಕಿರುಚಿದ."

ಅಮ್ಮ ಅವಳನ್ನೇ ದಿಟ್ಟಿಸಿದಳು. ಬೈಗುಳ ಬಾಯಿತನಕ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಅದನ್ನು ನುಂಗಿಕೊಂಡು, "ಹಾಗಾದ್ರೆ ಇವತ್ತು ಗುಂಡನ ತಲೆಗೆ ಎಲ್ಲರೂ ಥ್ಯಾಂಕ್ಸ್ ಹೇಳ್ಬೇಕು," ಎಂದಳು.

ಟ್ಯಾಪೆಟ್‌ಗಳು ಕೆಳಗಿನಿಂದಲೇ ಹೊರಗೆ ಬರಬೇಕು. ಆದರೆ ಅವುಗಳ ದಾರಿಗೆ ಅಡ್ಡವಾಗಿ, ಅವುಗಳನ್ನು ಕುಣಿಸುವ ಉದ್ದನೆಯ ಉಕ್ಕಿನ ದಂಡ, ಕ್ಯಾಮ್ ಶಾಫ್ಟ್, ಮಲಗಿತ್ತು. ಅದನ್ನು ಬಸ್ಸಿನ ಮುಂದಿನಿಂದ ಎಳೆಯಬೇಕು. ಅಮ್ಮ ಮಧ್ಯಾಹ್ನವೆಲ್ಲ ಕೂತು ಮುಂದಿನ ಜಾಲರಿ, ರೇಡಿಯೇಟರ್ ಎಲ್ಲ ಬಿಚ್ಚಿದಳು. ಗಡಿಬಿಡಿ ಟಾರ್ಚ್ ಹಿಡಿದಿದ್ದಳು. ಈಗ ಟಾರ್ಚು ಅಲ್ಲಾಡುತ್ತಿರಲಿಲ್ಲ.

"ಇನ್ನೊಂದು ತಾಪತ್ರಯ ಇದೆ," ಎಂದಳು ಅಮ್ಮ. "ಶಾಫ್ಟು ಎಳೆಯುವಾಗ ಈ ಮೂರೂ ಕೆಳಗೆ ಜಾರಿ ಅದಕ್ಕೇ ಸಿಕ್ಕಿಹಾಕ್ಕೊಳ್ತವೆ. ಯಾರಾದ್ರೂ ಮೇಲೆ ಹಿಡ್ಕೊಂಡಿರ್ಬೇಕು. ನನಗೆ ಎರಡೂ ಕೈ ಬೇಕು."

"ನನ್ನ ಕೈ ನಡುಗುತ್ತೆ ಮಗಳೇ," ಎಂದರು ಅಜ್ಜ.

"ನಾನು ಎರಡು ಹಿಡ್ಕೊಳ್ತೀನಿ," ಎಂದಳು ಗಡಿಬಿಡಿ.

"ಇನ್ನೊಂದು ನಾನು!" ಎಂದ ಗುಂಡ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಡಿಬಿಡಿ ಸುತ್ತ ನೋಡಿದಳು. ಹಿತ್ತಲಿನ ಹಗ್ಗದಲ್ಲಿ ಬಟ್ಟೆಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಬೀಳದ ಹಾಗೆ ಹಿಡಿದುಕೊಂಡಿದ್ದವರು ಯಾರು? ಅವಳು ಒಂದೇ ಉಸಿರಿಗೆ ಓಡಿ, ಆರು ಬಟ್ಟೆ ಕ್ಲಿಪ್ಪು ಕಿತ್ತುಕೊಂಡು ಬಂದಳು.

"ಅಯ್ಯೋ, ನನ್ನ ಬನಿಯನ್ನು!" ಎಂದರು ಅಜ್ಜ. ಅವರ ಬನಿಯನ್ನು ಹಾರಿಹೋಗಿ ಪಕ್ಕದ ಮನೆಯ ಗೋಡೆಯ ಮೇಲೆ ಕೂತಿತ್ತು.

ಅಮ್ಮ ಕ್ಲಿಪ್ಪುಗಳನ್ನು ನೋಡಿದಳು, ಮಗಳನ್ನು ನೋಡಿದಳು. ಒಂದೊಂದು ಟ್ಯಾಪೆಟ್ಟಿಗೆ ಎರಡೆರಡು ಕ್ಲಿಪ್ಪು ಸಿಕ್ಕಿಸಿದಳು. ಮೂರೂ ಮೇಲೆಯೇ ನಿಂತವು. ಆಮೇಲೆ ಮಲಗಿದ ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುವ ಹಾಗೆ, ಶಾಫ್ಟನ್ನು ತಿರುಗಿಸುತ್ತ ತಿರುಗಿಸುತ್ತ ಹೊರಗೆ ತೆಗೆದಳು.

"ಈಗ ನೀನು ಕೆಳಗೆ ಇಳಿ," ಎಂದಳು ಅಮ್ಮ. "ಅಲ್ಲಿಗೆ ಹೋಗೋದು ನಿನ್ನ ಕೈ ಮಾತ್ರ."

ಗಡಿಬಿಡಿ ಗುಂಡಿಗೆ ಇಳಿದು ಅಂಗೈ ಚಾಚಿದಳು. ಮೇಲಿಂದ ಅಜ್ಜ ಕ್ಲಿಪ್ಪು ತೆಗೆದರು. ಟಪ್! ಟ್ಯಾಪೆಟ್ಟು ಅಂಗೈಯಲ್ಲಿತ್ತು. ಎರಡನೆಯದೂ ಟಪ್ಪೆಂದಿತು.

ಮೂರನೆಯದು ಬೀಳಲಿಲ್ಲ.

ಅದರ ಅಂಚು ಅವಳ ಬೆರಳಿಗೆ ಸಿಗುತ್ತಿತ್ತು. ಒಂದು ಸಲ ಜಗ್ಗಿದರೆ ಸಾಕು ಎಂದು ಬೆರಳುಗಳು ತಾವಾಗಿಯೇ ಬಿಗಿಯಾದವು. ಅವಳು ಅವನ್ನು ಸಡಿಲ ಬಿಟ್ಟಳು.

"ಅಮ್ಮ, ಇದಕ್ಕೆ ಮಾತ್ರ ನಿಜವಾಗ್ಲೂ ಅಂಟು ಹಿಡಿದಿದೆ ಅನ್ಸುತ್ತೆ. ಥಿನ್ನರ್ ಹಾಕ್ತೀಯಾ?"

ಅಮ್ಮ ಹಾಕಿದಳು. ಗಡಿಬಿಡಿ ಒಂದರಿಂದ ನೂರರವರೆಗೆ ಎಣಿಸಿದಳು. ಒಂದು ಸಂಖ್ಯೆಯನ್ನೂ ಹಾರಿಸಲಿಲ್ಲ. ಆಮೇಲೆ ಅಮ್ಮ ಮೇಲಿಂದ ಮರದ ತುಂಡಿಟ್ಟು ಮೆತ್ತಗೆ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು.

ಟಪ್!

"ಬಂತೂ!" ಗಡಿಬಿಡಿಯ ಕೂಗಿಗೆ ಗೇಟಿನ ಹತ್ತಿರದ ಬೆಕ್ಕು ಹೌಹಾರಿ ಓಡಿತು. ಅಮ್ಮ ಅವಳನ್ನು ಗುಂಡಿಯಿಂದ ಎತ್ತಿ ಒಂದು ಸುತ್ತು ತಿರುಗಿಸಿದಳು. ಇಬ್ಬರ ಮುಖಕ್ಕೂ ಗ್ರೀಸು ಮೆತ್ತಿಕೊಂಡಿತು. ಹೊರಗೆ ತೆಗೆದ ಶಾಫ್ಟೂ ಸವೆದುಹೋಗಿತ್ತು. ಅದರ ಬದಲಿಗೆ ಅಜ್ಜ ಅಟ್ಟದಲ್ಲಿ ಯಾವ ಕಾಲದಿಂದಲೋ ಬಟ್ಟೆ ಸುತ್ತಿ ಇಟ್ಟಿದ್ದ ಸವೆಯದ ಕ್ಯಾಮ್ ಶಾಫ್ಟ್ ಇಳಿಸಿಕೊಂಡು ಬಂದರು. "ಗುಜರಿ ಗುಜರಿ ಅಂತ ನಗ್ತಿದ್ರಲ್ಲ, ಈಗ ನಗಿ ನೋಡೋಣ," ಎಂದರು.

ಭಾನುವಾರ ಸಂಜೆಗೆ ಹೊಸ ಟ್ಯಾಪೆಟ್‌ಗಳು ಕೂತು, ಬಿಚ್ಚಿದ್ದೆಲ್ಲ ಸೇರಿತು. ಅಮ್ಮ ಕೀ ತಿರುಗಿಸಿದಳು.

"ಸ್ಟಾರ್ಟೇ ಆಗ್ಲಿಲ್ಲ," ಎಂದ ಗುಂಡ.

ಅಮ್ಮ ನಗುತ್ತ ಅವನ ಅಂಗೈಯನ್ನು ಬಸ್ಸಿನ ಮೂತಿಯ ಮೇಲೆ ಇಟ್ಟಳು. ಅದು ಮೆಲ್ಲಗೆ ನಡುಗುತ್ತಿತ್ತು. ಗುಂಡನ ಕಣ್ಣು ಅಗಲವಾಯಿತು.

ಸೋಮವಾರ ಬಸ್ಸು ಬಂದದ್ದು ಯಾರಿಗೂ ಕೇಳಿಸಲೇ ಇಲ್ಲ. ಅರ್ಧ ಮಕ್ಕಳು ಶೂ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದು ಹತ್ತಿದರು.

"ನಿಜವಾಗ್ಲೂ ನಿಮ್ಮಮ್ಮ ಎರಡೇ ದಿನದಲ್ಲಿ ಮಾಡಿದ್ರಾ?" ಎಂದು ಕೇಳಿದ ಲೀಡರ್.

ದೊಡ್ಡ ಕತೆ ಹೇಳಲು ಗಡಿಬಿಡಿ ಬಾಯಿ ತೆರೆದಳು. ಆದರೆ ಹೊರಗೆ ಬಂದದ್ದು ಇಷ್ಟೇ: "ಅಮ್ಮ, ಅಜ್ಜ, ನಾನು, ಗುಂಡನ ತಲೆ, ಆರು ಬಟ್ಟೆ ಕ್ಲಿಪ್ಪು." ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಎಲ್ಲರೂ ನಕ್ಕರು. ಅವಳೂ ನಕ್ಕಳು. ಲಂಗದ ಜೇಬಿನಲ್ಲಿ ಮೂರನೆಯ ಟ್ಯಾಪೆಟ್ಟು ಭಾರವಾಗಿ ಕೂತಿತ್ತು.

ಬಸ್ಸು ಏರು ರಸ್ತೆಯನ್ನು ಒಂದೇ ಸಮನೆ ಹತ್ತಿತು. ಗಾಳಿ ಉಪ್ಪುಪ್ಪಾಗತೊಡಗಿತು. ಹಸಿವಾಗಿ ಲೀಡರ್ ತನ್ನ ತಿಂಡಿ ಬ್ಯಾಗು ತೆಗೆಯಲು ಹೋದ. ಝಿಪ್ಪು ಸಿಕ್ಕಿಹಾಕಿಕೊಂಡಿತ್ತು. ಅವನು ಎಳೆದ, ಅವನ ಪಕ್ಕದವನು ಎಳೆದ, ಹಿಂದಿನ ಸೀಟಿನವಳೂ ಬಂದು ಎಳೆದಳು.

"ಎಳೀಬೇಡಿ, ಇಲ್ಲಿ ಕೊಡಿ," ಎಂದಳು ಗಡಿಬಿಡಿ.

"ನಿನ್ನ ಕೈಗಾ? ಬ್ಯಾಗೇ ಹರಿದುಹೋಗುತ್ತೆ!"

"ಕೊಡೋ. ಎಲ್ಲಿ ಸಿಕ್ಕಿದೆ ಅಂತ ನೋಡ್ತೀನಿ, ಅಷ್ಟೇ."

ಅವಳು ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಝಿಪ್ಪಿನ ಕೆಳಗೆ ಬೆರಳು ತೂರಿಸಿದಳು. ಅಷ್ಟರಲ್ಲಿ ಬಸ್ಸು ತಿರುವು ದಾಟಿತು. "ಸಮುದ್ರ! ಸಮುದ್ರ!" ಎಂದು ಎಲ್ಲರೂ ಕಿರುಚುತ್ತ ಕಿಟಕಿಗಳಿಗೆ ಮುಗಿಬಿದ್ದರು.

ಗಡಿಬಿಡಿ ತಲೆ ಎತ್ತಲಿಲ್ಲ. ಝಿಪ್ಪಿನ ಹಲ್ಲಿಗೆ ಕಚ್ಚಿಕೊಂಡಿದ್ದ ಬಟ್ಟೆಯ ಮಡಿಕೆ ಬೆರಳಿಗೆ ಸಿಕ್ಕಿತ್ತು. ಅದನ್ನು ಬಿಡಿಸಲು ಝಿಪ್ಪನ್ನು ಮೊದಲು ಸ್ವಲ್ಪ ಹಿಂದಕ್ಕೆ ತಳ್ಳಬೇಕು, ಆಮೇಲೆ ಮುಂದಕ್ಕೆ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ.