ಬಹುವಚನ

"ಉಲ್ಟಾ ಬಂದಿದೆ," ಎಂದರು ಡಾಕ್ಟರ್ ಯಶಿಕಾ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಏರ್‌ಫೋರ್ಸಿನವರ ಮಗಳು, ನಾಗಪುರದಲ್ಲೇ ಬೆಳೆದ ಕನ್ನಡತಿ. "ಮುಷ್ಟಿ ಹಿಡೀರಿ ಅಂದಾಗ ಮಿದುಳು ಸುಮ್ನಿದೆ. ಸುಮ್ನಿರಿ ಅಂದಾಗ ಕೆಲಸ ಮಾಡಿದೆ. ಬರೋಬರ್ ಆಗ್ತಿಲ್ಲ. ಸಾರಿ, ಇದನ್ನ ಉತ್ತರ ಅಂತ ಹೇಳೋಕಾಗಲ್ಲ."

ಮಂಚದ ಮೇಲೆ ರಘುನಂದನ ಎಂಟು ತಿಂಗಳಿಂದ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಮೂಗಿನಲ್ಲಿ ನಳಿಕೆ, ತಲೆಗೆ ವೈರುಗಳ ಟೋಪಿ. ಕೈಕಾಲು ಆಡದಿದ್ದರೂ ಒಳಗೆ ಅರಿವು ಉಳಿದಿರಬಹುದು, ಮುಷ್ಟಿ ಹಿಡಿದಂತೆ ಮನಸ್ಸಿನಲ್ಲಿ ಅಂದುಕೊಂಡರೂ ಯಂತ್ರಕ್ಕೆ ತಿಳಿಯುತ್ತದೆ ಎಂದು ಈ ಪರೀಕ್ಷೆ ಮಾಡಿದ್ದರು. ಇದರಲ್ಲೂ ಏನೂ ತಿಳಿಯದಿದ್ದರೆ ಹೆಂಡತಿ ಚಾರುಲತಾ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು: ಇನ್ನೊಮ್ಮೆ ಉಸಿರು ಕಟ್ಟಿದರೆ ವೆಂಟಿಲೇಟರ್ ಬೇಡ.

ಪರೀಕ್ಷೆಗೆ ಬಳಸಿದ ದನಿ ಅವಳದೇ. ರೆಕಾರ್ಡ್ ಮಾಡುವಾಗ ಅತ್ತೆ ಇಂದುಮತಿ ಪಕ್ಕದಲ್ಲೇ ನಿಂತಿದ್ದರಿಂದ ನಾಲಿಗೆ ತಾನಾಗಿಯೇ ಅಂದಿತ್ತು: "ರೀ, ಮುಷ್ಟಿ ಹಿಡೀರಿ... ಈಗ ಸುಮ್ನ ಇರ್ರಿ."

"ನಮ್ಮ ಹಣೇಬರಹ," ಎಂದರು ಅತ್ತೆ, ಸೆರಗು ಬಾಯಿಗಿಟ್ಟುಕೊಂಡು. "ಸಹಿ ಹಾಕವ್ವಾ. ನೀ ಇನ್ನೂ ಸಣ್ಣಾಕಿ. ಧಾರವಾಡಕ್ಕ ನಿಮ್ಮವ್ವನ ಕಡೆ ಹೋಗು." ಈ ಮಾತನ್ನು ಅವರು ತಿಂಗಳುಗಳಿಂದ ಮಗನ ತಲೆದಿಂಬಿನ ಬಳಿಯೇ ಆಡುತ್ತಿದ್ದರು.

ಚಾರುಲತಾಳ ಕಿವಿಯಲ್ಲಿ ಒಂದೇ ಮಾತು ಕೂತಿತ್ತು. ಉಲ್ಟಾ.

ಮದುವೆಯಾದ ಹೊಸತರಲ್ಲಿ, ಲಕ್ಷ್ಮೀ ನಗರದ ಮನೆಯಲ್ಲಿ, ಅತ್ತೆಯ ಮುಂದೆ ಅವಳು "ರೀ, ಚಾ ತಗೋರಿ" ಅಂದಿದ್ದಳು. ಅವನು ಅಡುಗೆಮನೆಗೆ ಬಂದು ಅವಳ ಜಡೆ ಎಳೆದಿದ್ದ.

"ನಾ ಒಬ್ಬನ ಇದ್ದೀನಿ. ಬಹುವಚನ ಯಾಕ?"

"ಅತ್ತಿ ಮುಂದ 'ನೀ' ಅನ್ಲೇನು? ಮರ್ಯಾದಿ ಬ್ಯಾಡ?"

"ಹಂಗಾರ ಕೇಳು. ನೀ 'ರೀ' ಅಂದ್ರ ಆ ಮಾತಿನ ಅರ್ಥಾನ ಉಲ್ಟಾ ಅಂತ ತಿಳೀತೀನಿ."

ಹಾಗೆಯೇ ನಡೆದುಕೊಂಡ. "ಊಟಕ್ಕ ಬರ್ರಿ" ಅಂದರೆ ಪೇಪರು ಹಿಡಿದು ಕೂರುತ್ತಿದ್ದ. "ಹೋಳಿಗಿ ಮುಟ್ಟಬ್ಯಾಡ್ರಿ" ಅಂದರೆ ಎರಡು ಎತ್ತಿಕೊಂಡು, ಅವಳನ್ನೇ ನೋಡುತ್ತಾ, ನಿಧಾನವಾಗಿ ತಿನ್ನುತ್ತಿದ್ದ. ಮಗ ಹಟಮಾರಿ ಎಂದು ಅತ್ತೆ ಬೈಯುತ್ತಿದ್ದರು. ಸೊಸೆ ನಗು ತಡೆಯಲಾರದೆ ಹಿತ್ತಲಿಗೆ ಓಡುತ್ತಿದ್ದಳು.

ಅಪಘಾತವಾದ ಆ ಸಂಜೆಯೂ ಅತ್ತೆ ಪಕ್ಕದಲ್ಲಿದ್ದರು. ಕೋರಾಡಿಯ ಕರೆಂಟ್ ಪ್ಲಾಂಟಿನಿಂದ ಅವನು ಬೈಕ್ ಹತ್ತುವ ಮುಂಚೆ ಇವಳು ಫೋನಿನಲ್ಲಿ "ಸಾವಕಾಶ ಬರ್ರಿ" ಅಂದಿದ್ದಳು. ಅವನು ನಕ್ಕು ಫೋನ್ ಇಟ್ಟಿದ್ದ. ಜಲ್ದಿಯೇ ಹೊರಟಿದ್ದ. ದಾರಿಯಲ್ಲಿ ಲಾರಿ ಇತ್ತು. ಇದನ್ನು ಅವಳು ಇಂದಿಗೂ ಯಾರಿಗೂ ಹೇಳಿರಲಿಲ್ಲ.

"ಡಾಕ್ಟರ್, ಇನ್ನೊಂದು ಸಲ. ರೆಕಾರ್ಡಿಂಗ್ ಬ್ಯಾಡ. ನಾನ ಹೇಳ್ತೀನಿ."

ಅತ್ತೆಯ ಎದುರಿಗೇ ಅವಳು ಅವನ ಕಿವಿಗೆ ಬಾಗಿದಳು. "ರಘು, ಮುಷ್ಟಿ ಹಿಡಿ." ಅತ್ತೆ ತಟ್ಟನೆ ತಲೆಯೆತ್ತಿದರು. "ಈಗ ಸುಮ್ನಿರು, ರಾಜಾ."

ಗಂಟಲು ಒಣಗುವವರೆಗೂ ಹೇಳಿದಳು. ಯಂತ್ರದ ಲೆಕ್ಕ ಮುಗಿದಾಗ ಯಶಿಕಾ ಕುರ್ಚಿಯಿಂದ ಎದ್ದುಬಿಟ್ಟರು.

"ಈ ಸಲ ಸೀದಾ ಬಂತು. ಅವರಿಗೆ ಕೇಳಿಸ್ತಿದೆ. ಅರ್ಥಾನೂ ಆಗ್ತಿದೆ."

ಹಾಗಾದರೆ ಎಂಟು ತಿಂಗಳೂ ಕೇಳಿಸಿತ್ತೇನೋ. ತಾವು ಆಡಿದ್ದನ್ನು ನೆನೆದು ಅತ್ತೆ ಮಗನ ತಲೆದಿಂಬಿನ ಬಳಿಯಿಂದ ಹಿಂದೆ ಸರಿದರು.

ಹೌದಾದರೆ ಮುಷ್ಟಿ, ಇಲ್ಲವಾದರೆ ಸುಮ್ಮನಿರುವುದು ಎಂದು ಅವನಿಗೆ ಹೇಳಿಕೊಟ್ಟು, ಚಾರುಲತಾ ಮೊದಲು ಕೇಳಿದ್ದು ತನ್ನ ಪಾಪವನ್ನೇ.

"ಆವತ್ತು ನಾ 'ಸಾವಕಾಶ ಬರ್ರಿ' ಅಂದೆ. ನನ್ನ ಮ್ಯಾಲೆ ಸಿಟ್ಟೈತೇನು?"

ಹತ್ತು ಸಲ ಕೇಳಿಸಿ ಯಶಿಕಾ ಹೇಳಿದರು, "ಇಲ್ಲ ಅಂತಿದ್ದಾರೆ."

ಅವಳು ಅತ್ತಳು. ಆಮೇಲೆ ಎರಡನೆಯದನ್ನು ಕೇಳಿದಳು. "ನಾ ನಿನ್ನ ಬಿಟ್ಟು ಊರಿಗೆ ಹೋಗ್ಲೇನು?"

ಯಶಿಕಾ ಪರದೆ ನೋಡಿದರು. ಮತ್ತೊಮ್ಮೆ ನೋಡಿದರು. "ಹೌದು ಅಂತಿದ್ದಾರೆ," ಎಂದರು ಮೆಲ್ಲಗೆ.

ಚಾರುಲತಾ ಅವನ ಮುಖ ನೋಡಿದಳು. ಅಲ್ಲಿ ಏನೂ ಕದಲಲಿಲ್ಲ. ಇನ್ನು ಎಂದೂ ಕದಲದೇ ಇರಬಹುದು. ಅವಳು ಸಹಿಯ ಕಾಗದವನ್ನು ಹರಿದಳು, ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಕೂತಳು, ಅವನ ಬಲಗೈ ಹಿಡಿದಳು.

"ಆತ್ರೀ," ಎಂದಳು. "ನೀವು ಹೇಳಿದಂಗ ಹೋಗ್ತೀನ್ರಿ."