ದೀಪದ ಮಾಡದ ಮೇಲೆ ಸ್ಪೀಕರ್

"ಗೋಡಿ ಒಳಗ ಏನರ ಐತೇನ್ರಿ?" ಸ್ಪೀಕರ್ ಕೂರಿಸಲು ಏಣಿ ಹತ್ತಿದ್ದ ವೀರೇಂದ್ರ ಡ್ರಿಲ್ ನಿಲ್ಲಿಸಿ ಕೇಳಿದ. "ಬೆಣ್ಣ್ಯಾಗ ಇಳಿದಂಗ ಇಳ್ಯಾಕತ್ತೈತಿ."

ಏಣಿ ಹಿಡಿದು ನಿಂತಿದ್ದ ರಾಜಶ್ರೀ ತಲೆ ಎತ್ತಿದಳು. ಅವನ ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ... ಅದರ ನಡುವೆ ಆ ಕಣ್ಣುಗಳು!

"ಏನೂ ಇಲ್ರಿ," ಅಂದಳು.

ಇತ್ತು. ಅಲ್ಲಿ ಮೊದಲು ಅಜ್ಜಿ ದೀಪ ಇಡುತ್ತಿದ್ದ ಗೋಡೆಯ ಗೂಡು, ಮಾಡ, ಇತ್ತು. ಮನೆಗೆ ಸಿಮೆಂಟ್ ಹಚ್ಚಿಸುವಾಗ ಗೌಂಡಿ ಅದರೊಳಗೆ ಬರೀ ಭತ್ತದ ಹೊಟ್ಟು, ಮಣ್ಣು ತುರುಕಿ ಮುಚ್ಚಿದ್ದನ್ನು ಅವಳೊಬ್ಬಳೇ ನೋಡಿದ್ದಳು. ಕಲ್ಲು ತುಂಬಿದ್ದಾನೆಂದೇ ಅಪ್ಪ ಅಮರಗುಂಡಪ್ಪ ನಂಬಿದ್ದರು. ದೀಪ ಉರಿದ ಜಾಗದಿಂದಲೇ ಬೆಳಗಿನ ವಚನ ಕೇಳಬೇಕು ಎಂದು ಅದೇ ಜಾಗ ತೋರಿಸಿದವರೂ ಅವರೇ.

ನಿಜ ಹೇಳಿದರೆ ಈ ಸಿಂಧನೂರಿನ ಹುಡುಗ ಬೇರೆ ಗೋಡೆಗೆ ಗಟ್ಟಿಯಾಗಿ ಕೂರಿಸಿ ಬಸ್ಸು ಹತ್ತಿಬಿಡುತ್ತಾನೆ. ಸಡಿಲಾದರೆ...? ಮತ್ತೆ ಮಸ್ಕಿಗೆ ಬರಲೇಬೇಕು. ಮನಸ್ಸು ಜಾರಿದ ಹುಡುಗಿಯ ಬುದ್ಧಿ ಅಷ್ಟಕ್ಕೇ ಓಡುತ್ತದೆ, ಬೈಯಬೇಡಿ.

ಅವನು ಉದ್ದದ ಸ್ಕ್ರೂ ಹಾಕಿ ಬಿಗಿದ. "ಪುಡಿ ಉದುರಿದ್ರ ಫೋನ್ ಹಚ್ರಿ, ಓಡಿ ಬರ್ತೀನಿ," ಎಂದು ನಕ್ಕ.

ಅಷ್ಟರಲ್ಲಿ ಅಪ್ಪ ಬಂದು, ಲಿಂಗಸುಗೂರಿನಿಂದ ರಾಜಶ್ರೀಯನ್ನು ನೋಡಲು ಗಂಡಿನವರು ಬರಲಿದ್ದಾರೆ, ಕೆಲಸ ಚೊಕ್ಕ ಇರಲಿ ಎಂದರು. ಅವಳಿಗೂ ಅದು ಹೊಸ ಸುದ್ದಿ. ವೀರೇಂದ್ರನ ನಗು ಅಲ್ಲೇ ನಿಂತಿತು. ಕೊಟ್ಟ ಚಹಾ ಕುಡಿಯದೆ ಹೋದ.

ಪುಡಿ ಉದುರತೊಡಗಿತು. ಫೋನ್ ಹಚ್ಚಿದಳು, ಎತ್ತಲಿಲ್ಲ. ಮತ್ತೆ ಹಚ್ಚಿದಳು... ಇಲ್ಲ. ಗಿರಾಕಿಗಳೆಲ್ಲರಿಗೂ ಹಾಗೇ ನಗುತ್ತಾನೇನೋ, ನಾನೇ ಹುಚ್ಚಿ ಎಂದು ಅತ್ತಳು.

ಆಗಲೇ ಅಕ್ಕ ಅನುಪಮಾ ಎಳೆಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಗಾಳಿ ತಾಗದಿರಲೆಂದು ಅವ್ವ ತೊಟ್ಟಿಲನ್ನು ಆ ಒಳಗೋಡೆಯ ಮಗ್ಗುಲಿಗೆ, ಸ್ಪೀಕರಿನ ಕೆಳಗೇ ಇಟ್ಟಳು.

ರಾಜಶ್ರೀ ತೊಟ್ಟಿಲು ಸರಿಸಿದಳು. ಅವ್ವ ಬೈದು ಮತ್ತೆ ಅಲ್ಲಿಗೇ ತಂದಳು. ಸ್ಪೀಕರ್ ಇಳಿಸೋಣ ಎಂದರೆ, ಮೊನ್ನೆ ಹಾಕಿದ್ದನ್ನು ಇಳಿಸುವುದೇ ಎಂದು ಅಪ್ಪ ನಕ್ಕರು.

ಬೆಳಿಗ್ಗೆ ಕೂಸಿನ ತಲೆಗೆ ಕಟ್ಟಿದ್ದ ಕುಲಾಯಿಯ ಮೇಲೆ ಬಿಳಿ ಪುಡಿ ಬಿದ್ದಿತ್ತು. ರಾಜಶ್ರೀ ತಲೆ ಎತ್ತಿ ನೋಡಿದಳು. ಮೇಲೆ ಸ್ಕ್ರೂಗಳ ಸುತ್ತ ಬಿರುಕಿನ ಗೆರೆ ಮೂಡಿತ್ತು. ಅಪ್ಪ ವಚನ ಹಚ್ಚಿ ದನಿ ಏರಿಸಿದಾಗ ಗೆರೆ ಇನ್ನಷ್ಟು ಅಗಲವಾಯಿತು. ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿತ್ತು.

ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ...?

ಓಡಿಹೋಗಿ ಕೂಸನ್ನು ಎತ್ತಿ ಅಕ್ಕನ ಕೈಗಿಟ್ಟಳು.

"ಅಪ್ಪಾ, ಮಾಡದಾಗ ಕಲ್ಲಿಲ್ಲ, ಹೊಟ್ಟೈತಿ. ಅವ್ರು ಕೇಳಿದ್ರು, ನಾ ಸುಳ್ಳು ಹೇಳಿದೆ... ಸಡ್ಲಾದ್ರ ಅವ್ರು ಮತ್ತ ಬರ್ಲಿ ಅಂತ."

ಮಗಳ ಮಾತು ಸುಳ್ಳೆಂದು ತೋರಿಸಲು ಅಪ್ಪ ಸ್ಪೀಕರಿನ ಮೇಲೆ ಕೈ ಇಟ್ಟರು. ಅದು ಸ್ಕ್ರೂ, ಸಿಮೆಂಟ್, ಹೊಟ್ಟಿನ ಸಮೇತ ಕಿತ್ತು ಬಂದು ಖಾಲಿ ತೊಟ್ಟಿಲೊಳಗೆ ಬಿತ್ತು. ತೊಟ್ಟಿಲಿನ ಪಟ್ಟಿ ಮುರಿಯಿತು.

ಅನುಪಮಾ ಕೂಸನ್ನು ಎದೆಗೊತ್ತಿಕೊಂಡು ಅಳತೊಡಗಿದಳು. ಅಪ್ಪ ನೆಲದ ಮೇಲೆ ಕುಸಿದು ಕುಳಿತರು. ಬಹಳ ಹೊತ್ತಿನ ಮೇಲೆ ಎದ್ದು, ಅಂಗಳಕ್ಕೆ ಹೋಗಿ ಯಾರಿಗೋ ಫೋನ್ ಹಚ್ಚಿದರು.

ಮರುದಿನ ಮಧ್ಯಾಹ್ನ ವೀರೇಂದ್ರ ಬಂದ, ಜೊತೆಗೆ ತಾಯಿ ಗುರುಲಿಂಗಮ್ಮ. ಲಿಂಗಸುಗೂರಿನವರಿಗೆ ಬರಬೇಡಿ ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದರು. ಹಿರಿಯರು ಹೊರಗೆ ಕುಳಿತರು. ಒಳಗಿದ್ದವನಿಗೆ ಚಹಾ ಒಯ್ಯಲು ಅಪ್ಪ ರಾಜಶ್ರೀಗೇ ಹೇಳಿದರು.

ಅವನು ಬಾಯ್ತೆರೆದ ಮಾಡದ ಮುಂದೆ ನಿಂತಿದ್ದ. ಒಳಗೆ ಅಜ್ಜಿಯ ದೀಪದ ಮಸಿ ಇನ್ನೂ ಹಾಗೇ ಇತ್ತು.

"ಪುಡಿ ಉದುರಿದ್ರ ಫೋನ್ ಹಚ್ರಿ ಅಂದಿದ್ರಿ," ಅಂದಳು.

"ಗಂಡಿನವ್ರು ಬರ್ತಾರ ಅಂದ್ಮ್ಯಾಲ ನಿಮ್ಮ ದನಿ ಕೇಳಾಕ ಧೈರ್ಯ ಆಗ್ಲಿಲ್ರಿ. ಕೂಸಿಗೆ ಏನರ ಆಗಿದ್ರ..." ಅವನು ಮುರಿದ ತೊಟ್ಟಿಲಿನ ಕಡೆ ನೋಡಿದ. "ಆದ್ರ ಗೋಡಿ ರಿಪೇರಿಗೆ ನಮ್ಮವ್ವನ್ನ ಯಾಕ ಕರ್ಸ್ಯಾರ?"

"ಗೋಡಿ ಒಳಗ ಏನರ ಐತೇನು ಅಂತ ಕೇಳಿದ್ರಲ್ಲ... ಐತ್ರಿ. ಆವತ್ತ ಹೇಳಿದ್ರ ನೀವು ಗಟ್ಟಿ ಮಾಡಿ ಹೊಂಟ್ಹೋಗ್ತಿದ್ರಿ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಣ್ಣು ತುಂಬಿ ಬಂತು. ಈ ಸಲ ಚಹಾ ಪೂರ್ತಿ ಕುಡಿದ.

"ಕಲ್ಲಿನ ಗೋಡಿಗಿ ಹಾಕ್ತೀನ್ರಿ. ಎಂದೂ ಸಡ್ಲಾಗಂಗಿಲ್ಲ, ನಡೀತೈತೇನು?"

"ನಡೀತೈತ್ರಿ," ಅಂದಳು ರಾಜಶ್ರೀ. "ಏಣಿ ನಾನ ಹಿಡೀತೀನಿ."