ಕೆಂಪು ಚುಕ್ಕಿಗಳು ಹೇಳಿದ್ದು

"ಅಳತೆಗೆ 'ಹ' ಯಾಕೆ ಹಾಕಿದ್ದೀರಿ?"

ಬಾಗಿಲು ತೆರೆದವನ ಮೊದಲ ಮಾತೇ ಇದು! ನಮಸ್ಕಾರವಿಲ್ಲ, ಒಳಗೆ ಬನ್ನಿ ಎನ್ನುವ ಸೌಜನ್ಯವಿಲ್ಲ. ಒಂದು ಕೈಯಲ್ಲಿ ಅವಳು ಕಳಿಸಿದ್ದ ಪತ್ರ, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು.

ಅವಳು ಬಗ್ಗಿ ಪತ್ರ ನೋಡಿದಳು. 'ಹಳತೆ ತೆಗೆಯಲು ನಾನೇ ಬರುತ್ತೇನೆ' ಎಂದು ಬರೆದುಬಿಟ್ಟಿದ್ದಾಳೆ! ಆ 'ಹ'ದ ಸುತ್ತ ದುಂಡಗೆ ಒಂದು ಕೆಂಪು ಸೊನ್ನೆ.

ನಾಚಿಕೆಯಿಂದ ಕೆನ್ನೆ ಬಿಸಿಯಾಯಿತು. ಆದರೆ ಅದನ್ನು ತೋರಿಸಿಕೊಳ್ಳುವವರ ಪೈಕಿಯೇ ಅಲ್ಲ ಅವಳು.

"ಅಕ್ಷರದಲ್ಲಿ ತಪ್ಪಬಹುದು ಸಾರ್, ಅಳತೆಯಲ್ಲಿ ತಪ್ಪಲ್ಲ. ಈ ಟೇಪಿನ ತುದಿ ಹಿಡ್ಕೋತೀರಾ, ಇಲ್ಲ ನಾನು ವಾಪಸ್ ಹೋಗ್ಲಾ?"

ಅವನು ತಬ್ಬಿಬ್ಬಾದ. ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ತೆಪ್ಪಗೆ ಟೇಪು ಹಿಡಿದ.

ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಇಂಥವರಿಗೆ ಒಂದೇ ಟೇಪಿನ ಎರಡು ತುದಿ ಕೊಟ್ಟರೆ ಏನಾದೀತು... ನೀವೇ ಊಹಿಸಿ!

ಅವನು ಪುಸ್ತಕ ಪ್ರಕಾಶಕರೊಬ್ಬರ ಬಳಿ ಪ್ರೂಫ್ ರೀಡರ್. ಮನೆಯಲ್ಲೇ, ಹಜಾರದ ಮೇಜಿನ ಮುಂದೆ ಕೂತು ಕರಡು ತಿದ್ದುತ್ತಾನೆ. ಅವನ ಅಮ್ಮ ನಿವೃತ್ತ ನರ್ಸು. ವಾರ್ಡುಗಳಲ್ಲಿ ಓಡಾಡಿ ಓಡಾಡಿ ಮಂಡಿ ಸವೆದಿದೆ, ಈಗ ಕೋಲೂರಿಕೊಂಡೇ ನಡೆಯಬೇಕು. ಹಾಗಾಗಿ ಮನೆಯ ಒಳಾಂಗಣವನ್ನು ಹೊಸದಾಗಿ ಮಾಡಿಸುವ ಯೋಚನೆ.

ಯಾರಿಂದ ಮಾಡಿಸಬೇಕು ಎನ್ನುವ ತೀರ್ಮಾನ ಮಾತ್ರ ಅವನ ಅಕ್ಕನದು. ಮದುವೆಯಾಗಿ ಬೇರೆ ಮನೆಯಲ್ಲಿದ್ದರೇನು, ಅಕ್ಕ ಹೂಂ ಅನ್ನದೆ ಈ ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ! ಅಕ್ಕ ಮೂವರು ಡಿಸೈನರ್‌ಗಳನ್ನು ಆರಿಸಿಟ್ಟಿದ್ದಳು. ಒಂದು ದೊಡ್ಡ ಕಂಪನಿ, ಒಬ್ಬರು ಭಾವನ ಪರಿಚಯದವರು, ಮೂರನೆಯವಳು ಇವಳು, ಬಡಗಿಯ ಮಗಳು. ಭಾನುವಾರ ಮೂರೂ ಪ್ಲಾನ್ ನೋಡಿ ಒಬ್ಬರಿಗೆ ಕೆಲಸ. ಅಕ್ಕನ ಮನಸ್ಸು ಕಂಪನಿಯ ಕಡೆಗೇ ವಾಲಿತ್ತು. "ಹೆಸರಿರೋರು ಮಾಡಿದ್ರೆ ನಿಶ್ಚಿಂತೆ ಕಣೋ" ಎನ್ನುತ್ತಿದ್ದಳು.

ಹೆಸರು...

ಅದೇ ಅಲ್ಲವೇ ಅವಳ ನೋವು! ನಾಲ್ಕು ವರ್ಷ ಒಂದು ಆಫೀಸಿನಲ್ಲಿ ದುಡಿದಿದ್ದಳು. ನಕ್ಷೆ ಬರೆದವಳು ಅವಳು, ಮೂಲೆಯಲ್ಲಿ ಹೆಸರು ಮಾತ್ರ ಬಾಸ್‌ನದು. ಒಂದು ದಿನ "ಇದು ನಾನು ಬರೆದದ್ದು" ಎಂದು ಎಲ್ಲರೆದುರು ಹೇಳಿ, ಬ್ಯಾಗು ಎತ್ತಿಕೊಂಡು ಹೊರಬಂದಿದ್ದಳು. ಈ ಮನೆ ಸಿಕ್ಕರೆ ಅದು ಅವಳದೇ ಹೆಸರಿನ ಮೊದಲ ಮನೆ.

"ಕೆಲಸ ಸಿಗದಿದ್ರೂ ಪರ್ವಾಗಿಲ್ಲ ಚೂಟಿ, ತಲೆ ತಗ್ಗಿಸಿ ಮಾತ್ರ ತರಬೇಡ" ಎಂದಿದ್ದರು ಅವಳ ಅಪ್ಪ.

ಪ್ಲಾನ್ ಕೊಟ್ಟ ಎರಡು ದಿನಕ್ಕೆ ಅವಳು ಮತ್ತೆ ಬಂದಳು. ಈ ಸಲ ಕೈಯಲ್ಲಿ ಸೀಮೆಸುಣ್ಣದ ಡಬ್ಬಿ.

"ಅಮ್ಮಾ, ಕಾಗದದ ಮೇಲೆ ಮನೆ ಅರ್ಥ ಆಗಲ್ಲ. ಅಂಗಳಕ್ಕೆ ಬನ್ನಿ, ಅಡುಗೆಮನೆ ತೋರಿಸ್ತೀನಿ."

ನೆಲದ ಮೇಲೆ ಅಡುಗೆಮನೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದಳು. ಇಲ್ಲಿ ಒಲೆ, ಇಲ್ಲಿ ಸಿಂಕು, ಕೋಲಿಗೆ ತಡೆಯಾಗದಷ್ಟು ಅಗಲದ ದಾರಿ. ಹಜಾರದ ಕಡೆಯ ಗೋಡೆ ಇಲ್ಲ. ಅದರ ಜಾಗದಲ್ಲಿ ಕೂತು ತರಕಾರಿ ಹೆಚ್ಚುವಷ್ಟು ತಗ್ಗಾದ ಒಂದು ಕಟ್ಟೆ. ನಕ್ಷೆಯಲ್ಲಿ ಅದಕ್ಕೆ 'ಅಮ್ಮನ ಕಟ್ಟೆ' ಎಂದೇ ಹೆಸರಿಟ್ಟಿದ್ದಳು.

ಅಮ್ಮ ಕೋಲೂರಿಕೊಂಡು ಗೆರೆಗಳ ನಡುವೆ ಒಂದು ಸುತ್ತು ಹಾಕಿದರು. ಕಟ್ಟೆಯ ಜಾಗದಲ್ಲಿ ಅವಳು ಇಟ್ಟ ಸ್ಟೂಲಿನ ಮೇಲೆ ಕೂತರು.

"ಇಲ್ಲಿಂದ ಇವನ ಮೇಜು ಕಾಣ್ಸುತ್ತೇನೇ?"

"ಕಾಣ್ಸುತ್ತೆ ಅಮ್ಮಾ. ಬಾಗಿಲಿಗೆ ಯಾರು ಬಂದ್ರೂ ಕಾಣ್ಸುತ್ತೆ."

"ಮೂವತ್ತು ವರ್ಷ ಗೋಡೆ ಜೊತೆ ಮಾತಾಡ್ಕೊಂಡು ಅಡುಗೆ ಮಾಡಿದೀನಿ ಕಣೇ ಮಗಳೇ..." ಎಂದರು ಅಮ್ಮ. ದನಿ ಒಡೆಯಿತು.

ಅವನು ಅಮ್ಮನನ್ನು ನೋಡಿದ, ಆಮೇಲೆ ಮೊಣಕಾಲೂರಿ ಕೂತಿದ್ದ ಅವಳನ್ನು ನೋಡಿದ. ನೋಡುತ್ತಲೇ ಇದ್ದ.

"ಏನು, ಇಲ್ಲೂ ಕಾಗುಣಿತ ತಪ್ಪಾಗಿದೆಯಾ?"

"ಇಲ್ಲ..." ಅವನು ತಡವರಿಸಿದ. "ಮೂಗಿಗೆ ಸುಣ್ಣ ಹತ್ತಿದೆ ನಿಮಗೆ."

ಅವಳು ಒರೆಸಿಕೊಂಡಳು. ಒರೆಸಿದಷ್ಟೂ ಹರಡಿತು. ಅವನು ನಕ್ಕ, ಅವಳಿಗೂ ನಗು ಬಂತು. ದಾರಿಯುದ್ದಕ್ಕೂ ಆ ನಗು ಅವಳ ಬೆನ್ನು ಬಿಡಲಿಲ್ಲ.

*ಬೇಡ. ಮೊದಲು ಕೆಲಸ. ಅವನ ಕಣ್ಣಿಗೆ ಬಿದ್ದೆ ಅಂತ ಕೆಲಸ ಸಿಕ್ಕರೆ ಅದು ನನ್ನದಾಗುತ್ತಾ?*

ಶನಿವಾರ ಬೆಳಿಗ್ಗೆ, ಮರೆತು ಬಿಟ್ಟಿದ್ದ ಟೇಪು ತರಲು ಹೋದಳು. ಅವನಿರಲಿಲ್ಲ. "ಅವನ ಮೇಜಿನ ಮೇಲಿದೆ ನೋಡೇ" ಎಂದರು ಅಮ್ಮ, ಕುಕ್ಕರ್ ಕೂಗಿದ್ದಕ್ಕೆ ಒಳಗೆ ಹೋಗುತ್ತಾ.

ಟೇಪಿನ ಕೆಳಗೆ ಅವಳ ಪ್ಲಾನ್ ಇತ್ತು.

ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

'ಅಮ್ಮನ ಕಟ್ಟೆ'ಯ ಮೇಲೆ ಅಡ್ಡಡ್ಡ ಕೆಂಪು ಗೆರೆ! ಅದರ ಕೆಳಗೆ ಸಾಲಾಗಿ ಕೆಂಪು ಚುಕ್ಕಿಗಳು. ಅವಳ ಕಸುಬಿನಲ್ಲಿ ಚುಕ್ಕಿ ಗೆರೆಗೆ ಒಂದೇ ಅರ್ಥ: ಇದನ್ನು ಕೆಡವಿಹಾಕಿ. ಕಾಟು ಹೊಡೆದದ್ದು ಸಾಲದೆ ಕೆಡವಲೂ ಹೇಳಿದ್ದಾನೆ!

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಹಾಳೆಯ ಕೆಳಮೂಲೆಯೇ ಇರಲಿಲ್ಲ. ಅವಳ ಹೆಸರಿದ್ದ ಮೂಲೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಲಾಗಿತ್ತು.

*ಇವನೂನಾ...?*

ಕಣ್ಣು ತುಂಬಿ ಬಂತು. ಆದರೂ ಅಮ್ಮನೆದುರು ಒಂದು ಹನಿ ಬೀಳಿಸಲಿಲ್ಲ. ಗೇಟು ದಾಟಿದ ಮೇಲೆ ಮೆಸೇಜು ಕಳಿಸಿದಳು: 'ನಾಳೆ ನನ್ನ ಪ್ಲಾನ್ ಇಡಬೇಡಿ. ನನ್ನ ಹೆಸರಿಲ್ಲದ ಕಡೆ ನನ್ನ ಕೆಲಸವೂ ಇರುವುದಿಲ್ಲ.'

ಅವನ ಫೋನು ಹನ್ನೊಂದು ಸಲ ಬಂತು. ಅವಳು ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಅಪ್ಪನ ವರ್ಕ್‌ಶಾಪಿನಲ್ಲಿ ಒಂದು ಕಪಾಟಿನ ಬಾಗಿಲಿಗೆ ಮರಳು ಕಾಗದ ಉಜ್ಜುತ್ತಿದ್ದಳು. ಉಜ್ಜುವ ರಭಸ ನೋಡಿ ಅಪ್ಪ, "ಚೂಟಿ, ಬಾಗಿಲು ಏನು ತಪ್ಪು ಮಾಡ್ತಮ್ಮಾ?" ಎಂದರು.

ಅಷ್ಟರಲ್ಲಿ ಅವನು ಒಳಗೆ ಬಂದ. ಏದುಸಿರು ಬಿಡುತ್ತಿದ್ದ. ಕಂಕುಳಲ್ಲಿ ಮೂರು ಹಾಳೆಗಳ ಸುರುಳಿ.

ಅಪ್ಪ ಅವನನ್ನು ನೋಡಿದರು, ಮಗಳನ್ನು ನೋಡಿದರು. "ಫೆವಿಕಾಲ್ ಮುಗಿದಿದೆ, ತರ್ತೀನಿ" ಎಂದು ಹೊರಟೇಬಿಟ್ಟರು. ತುಂಬಿದ ಡಬ್ಬಿ ಅಲ್ಲೇ ಇತ್ತು!

"ಇಡಬೇಡಿ ಅಂದಿದ್ನಲ್ಲ," ಎಂದಳು ಮುಖ ತಿರುಗಿಸಿ.

"ಇಟ್ಟೆ. ಅದಕ್ಕೆ ಎಷ್ಟು ಬೇಕಾದ್ರೂ ಬೈಯಿರಿ. ಮೊದಲು ಇದನ್ನ ನೋಡಿ."

ಹಾಳೆಗಳನ್ನು ಕಪಾಟಿನ ಬಾಗಿಲ ಮೇಲೆ ಹರಡಿದ. ಮೂರಕ್ಕೂ ಮೂಲೆ ಇರಲಿಲ್ಲ. ಕಂಪನಿಯದಕ್ಕೂ ಇಲ್ಲ, ಭಾವನ ಪರಿಚಯದವರದ್ದಕ್ಕೂ ಇಲ್ಲ.

"ಅಕ್ಕ ಹೆಸರು ನೋಡಿ ತೀರ್ಮಾನ ಮಾಡ್ತಾಳೆ. ಕೆಲಸ ನೋಡಿ ಮಾಡ್ಲಿ ಅಂತ ಮೂರನ್ನೂ ಕತ್ತರಿಸಿದೆ. ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪೇ."

ಅವಳು ಮರಳು ಕಾಗದ ಕೆಳಗಿಟ್ಟಳು. "ಮತ್ತೆ... ಕಟ್ಟೆ? ಅದನ್ನ ಕಾಟು ಹೊಡೆದು ಕೆಡವಿ ಅಂತ ಚುಕ್ಕಿ ಇಟ್ಟಿದೀರಲ್ಲ!"

"ಕೆಡವೋದಾ?!" ಅವನು ಬೆಚ್ಚಿದ. "ಅಯ್ಯೋ, ಹಾಗಲ್ಲ! ಕೂತು ಅಡುಗೆ ಮಾಡು ಅಂದ್ರೆ ಅಮ್ಮ ನೊಂದ್ಕೋತಾರೆ ಅಂತ ಮೊದಲು ಕಾಟು ಹೊಡೆದೆ ನಿಜ. ಅಂಗಳದಲ್ಲಿ ಅವರ ಮುಖ ನೋಡಿದ ಮೇಲೆ ನಾನೇ ದಡ್ಡ ಅಂತ ಗೊತ್ತಾಯ್ತು. ಅವತ್ತೇ ಚುಕ್ಕಿ ಇಟ್ಟೆ. ನಮ್ಮಲ್ಲಿ ಕಾಟು ಹೊಡೆದಿದ್ದರ ಕೆಳಗೆ ಚುಕ್ಕಿ ಇಟ್ರೆ, ಇದನ್ನ ಮುಟ್ಟಬೇಡಿ, ಇದ್ದ ಹಾಗೇ ಇರ್ಲಿ ಅಂತ ಅರ್ಥ."

ಅವಳು ಅವನನ್ನೇ ನೋಡಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಕ್ಕ... ಏನಂದ್ರು?"

"ನಿಮ್ಮ ಹಾಳೆ ಮೇಲೆ ಕೈ ಇಟ್ಟು, 'ಅಡುಗೆ ಮಾಡೋರನ್ನ ನೆನೆಸ್ಕೊಂಡು ಬರೆದಿರೋದು ಇದೊಂದೇ, ಇದು ಯಾರದೋ?' ಅಂದ್ಲು. ನಿಮ್ಮದು ಅಂದೆ. ಮತ್ತೊಂದ್ಸಲ ಹಾಳೆ ನೋಡಿ, 'ಹಾಗಾದ್ರೆ ಅವಳೇ ಮಾಡ್ಲಿ' ಅಂದ್ಲು."

ಹೆಸರಿಲ್ಲದೆ ಗೆದ್ದಿದ್ದಳು! ಬರೀ ಕೆಲಸದಿಂದ! ನಾಲ್ಕು ವರ್ಷ ಬಗ್ಗಿದ್ದ ಬೆನ್ನು ಆ ಕ್ಷಣಕ್ಕೆ ತಾನಾಗಿ ನೆಟ್ಟಗಾಯಿತು.

"ನೀವು ಯಾರದ್ದನ್ನ ಆರಿಸಿದ್ರಿ?"

"ನಾನು ಬಾಯಿ ಬಿಡಲಿಲ್ಲ. ನನಗೆ ಆ ಹಕ್ಕಿರಲಿಲ್ಲ."

"ಯಾಕೆ?"

ಅವನು ನೆಲದ ಮೇಲಿನ ಮರದ ಹೊಟ್ಟನ್ನು ನೋಡುತ್ತಾ ಮೆಲ್ಲಗೆ ಹೇಳಿದ, "ಮೂರೂ ಪ್ಲಾನ್ ನೋಡಿದೆ. ಆದ್ರೆ ಒಂದನ್ನ ನೋಡುವಾಗ ಮಾತ್ರ ಬರೆದವರು ಕಾಣ್ತಿದ್ರು. ನಿಮ್ಮನ್ನ ಇಷ್ಟಪಡ್ತೀನಿ. ಇದು ಕೆಲಸಕ್ಕೆ ಸೇರಿದ ಮಾತಲ್ಲ. ನೀವು ಇಲ್ಲ ಅಂದ್ರೂ ಮನೆ ನಿಮ್ಮದೇ... ಅಂದ್ರೆ, ಮನೆ ಕೆಲಸ ನಿಮ್ಮದೇ!"

ಅವಳು ಗಲ್ಲ ಎತ್ತಿಯೇ ನುಡಿದಳು. "ಕೆಲಸ ಒಪ್ಪಿದೀನಿ. ಇನ್ನೊಂದಕ್ಕೆ ಉತ್ತರ ಮನೆ ಮುಗಿಸಿ, ಬೀಗದ ಕೈ ಅಮ್ಮನಿಗೆ ಕೊಟ್ಟ ಮೇಲೆ. ಇವಳಿಗೆ ಕೆಲಸ ಹೇಗೆ ಸಿಕ್ತು ಅಂತ ಯಾರೂ ಒಂದು ಮಾತು ಆಡಬಾರದು."

"ಎಷ್ಟು ದಿನ?"

"ನಾಲ್ಕು ತಿಂಗಳು."

"ಕಾಯ್ತೀನಿ," ಎಂದ ಅವನು, ಒಂದಿಷ್ಟೂ ಯೋಚಿಸದೆ. "ನೀವು ಹೇಳಿದಷ್ಟು ದಿನ ಕಾಯ್ತೀನಿ."

ಅವಳು ತಲೆಯಾಡಿಸಿ, ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಮತ್ತೆ ಬಾಗಿಲು ಉಜ್ಜತೊಡಗಿದಳು. ಎರಡು ಸಲ ಉಜ್ಜಿದಳು. ಕೈ ಮುಂದೆ ಹೋಗಲಿಲ್ಲ.

"ನೀವು ಕಾಯ್ತೀರಿ ಸರಿ..." ಎಂದಳು, ಅವನ ಕಡೆ ನೋಡದೆ. "ನಾನು ಹೇಗೆ ಕಾಯ್ಲಿ?"